ಕಾರಿನ ಹೆಸರು ನೋಡಿ ಮರುಳಾಗಬೇಡಿ, ಟೇಪು ಹಿಡಿದು ಅಳತೆ ನೋಡಿ

ಕೊಯ್ಲು ಮುಗಿದು, ಮಾಲು ಮಾರಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಹಳ್ಳಿ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತೆ. "ಈ ಸಲ ಒಂದು ಕಾರು ತಗೊಂಡ್ರೆ ಹೆಂಗೆ?" ಅಜ್ಜಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಮಕ್ಕಳ ಶಾಲೆ, ಮದುವೆ, ಜಾತ್ರೆ, ತಾಲ್ಲೂಕು ಆಫೀಸು. ಬೈಕು ಸಾಲದು. ಪ್ರತಿ ಸಲ ಬಾಡಿಗೆ ಗಾಡಿ ಕರೆಯೋದು ದುಬಾರಿ. ಸರಿ ಅಂತ ಮೊಬೈಲ್ ತೆಗೆದು ಹುಡುಕಿದರೆ ಹ್ಯಾಚ್‌ಬ್ಯಾಕ್, ಸೆಡಾನ್, ಮೈಕ್ರೋ ಎಸ್‌ಯುವಿ, ಕಾಂಪ್ಯಾಕ್ಟ್ ಎಸ್‌ಯುವಿ, ಎಂಪಿವಿ ಅಂತ ಹತ್ತಾರು ಹೆಸರು. ಯಾವುದು ಚಿಕ್ಕದು, ಯಾವುದು ದೊಡ್ಡದು ಅನ್ನೋದೇ ಗೊತ್ತಾಗಲ್ಲ.

ಒಂದು ಮಾತು ಮೊದಲೇ ಹೇಳಿಬಿಡೋಣ. ಟ್ರ್ಯಾಕ್ಟರ್ ದುಡಿದು ಕೊಡುತ್ತೆ, ಕಾರು ದುಡಿಯಲ್ಲ. ಹಾಗಾಗಿ ಬೇಕಾದ್ದಕ್ಕಿಂತ ದೊಡ್ಡ ಕಾರು ತಗೊಂಡರೆ ಆ ಹೆಚ್ಚುವರಿ ದುಡ್ಡು ಬೆಳೆಯಿಂದಲೇ ಹೋಗಬೇಕು. ಬೇಕಾದ್ದಕ್ಕಿಂತ ಚಿಕ್ಕದು ತಗೊಂಡರೆ ಕಾರಿದ್ದೂ ಮತ್ತೆ ಬಾಡಿಗೆ ಗಾಡಿ ಕರೆಯಬೇಕು. ಅದಕ್ಕೇ ಈ ಸೈಜಿನ ಲೆಕ್ಕ ಸರಿಯಾಗಿ ತಿಳ್ಕೊಳ್ಳೋದು ಮುಖ್ಯ.

4 ಮೀಟರಿನ ಗೆರೆ

ನಮ್ಮ ದೇಶದಲ್ಲಿ ಕಾರಿನ ಸೈಜನ್ನು ನಿರ್ಧರಿಸಿದ್ದು ಕಂಪನಿಗಳಿಗಿಂತ ಹೆಚ್ಚಾಗಿ ತೆರಿಗೆ. 2006ರ ಕೇಂದ್ರ ಬಜೆಟ್‌ನಲ್ಲಿ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದರು. ಚಿಕ್ಕ ಕಾರು ಅಂದರೆ ಉದ್ದ 4 ಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು.

ಅಲ್ಲಿಂದ ಕಂಪನಿಗಳೆಲ್ಲ ಈ ಗೆರೆಯೊಳಗೆ ಕಾರು ತೂರಿಸೋಕೆ ಶುರು ಮಾಡಿದವು. 2008ರಲ್ಲಿ ಬಂದ ಮೊದಲ ಸ್ವಿಫ್ಟ್ ಡಿಸೈರ್ ಉದ್ದ 4160 ಮಿ.ಮೀ. ಇತ್ತು. 2012ರಲ್ಲಿ ಬಂದ ಹೊಸ ಡಿಸೈರ್‌ನ ಹಿಂಭಾಗ ಕತ್ತರಿಸಿ 3995 ಮಿ.ಮೀ.ಗೆ ತಂದರು. ತೆರಿಗೆ ಉಳಿಸೋಕೆ ಮಾಡಿದ ಕೆಲಸ ಅದು.

ಈಗಲೂ ಅದೇ ಗೆರೆ ನಡೀತಿದೆ. 2025ರ ಸೆಪ್ಟೆಂಬರ್ 22ರಿಂದ ಈ ಮಿತಿಯೊಳಗಿನ ಪೆಟ್ರೋಲ್, ಸಿಎನ್‌ಜಿ, ಡೀಸೆಲ್ ಕಾರುಗಳಿಗೆ ಶೇ 18 ಜಿಎಸ್‌ಟಿ. ಮಿತಿ ದಾಟಿದರೆ ಶೇ 40. ಲೆಕ್ಕ ಹಾಕಿ ನೋಡಿ. ತೆರಿಗೆಗೆ ಮುಂಚಿನ ಬೆಲೆ 7 ಲಕ್ಷ ಅಂದ್ಕೊಳ್ಳಿ. ಶೇ 18 ಸೇರಿದರೆ 8.26 ಲಕ್ಷ, ಶೇ 40 ಸೇರಿದರೆ 9.80 ಲಕ್ಷ. ಒಂದೂವರೆ ಲಕ್ಷಕ್ಕೂ ಮೇಲೆ ವ್ಯತ್ಯಾಸ, ಅದೂ ರಸ್ತೆ ತೆರಿಗೆ ಕಟ್ಟೋದಕ್ಕೆ ಮುಂಚೆ.

ಇಲ್ಲೊಂದು ಸೂಕ್ಷ್ಮ ಇದೆ. ಉದ್ದ ಒಂದೇ ನೋಡಿದರೆ ಸಾಲದು, ಎಂಜಿನ್ ಕೂಡ ಮಿತಿಯೊಳಗೆ ಇರಬೇಕು. 1462 ಸಿಸಿ ಪೆಟ್ರೋಲ್ ಎಂಜಿನ್‌ನ ಬ್ರೆಜಾ ಉದ್ದದಲ್ಲಿ 3995 ಮಿ.ಮೀ. ಮಾತ್ರ. ಆದರೂ ಎಂಜಿನ್ ದೊಡ್ಡದಾದ್ದರಿಂದ ಶೇ 40ರ ಸಾಲಿಗೆ ಹೋಗುತ್ತೆ. ಅದೇ ಉದ್ದದ ನೆಕ್ಸಾನ್ 1199 ಸಿಸಿ ಪೆಟ್ರೋಲ್ ಅಥವಾ 1497 ಸಿಸಿ ಡೀಸೆಲ್ ಆಗಿರೋದರಿಂದ ಶೇ 18ರಲ್ಲೇ ಉಳಿಯುತ್ತೆ.

ಶೋರೂಮಿನ ಹೆಸರುಗಳ ಅರ್ಥ

ಹ್ಯಾಚ್‌ಬ್ಯಾಕ್ ಅಂದರೆ ಡಿಕ್ಕಿ ಪ್ರತ್ಯೇಕವಾಗಿ ಹೊರಗೆ ಚಾಚದ ಕಾರು. ಹಿಂದಿನ ಬಾಗಿಲು ಗಾಜಿನ ಸಮೇತ ಮೇಲಕ್ಕೆ ತೆರೆಯುತ್ತೆ. ಆಲ್ಟೊ, ವ್ಯಾಗನ್ ಆರ್, ಟಿಯಾಗೊ, ಸ್ವಿಫ್ಟ್, ಬಲೆನೊ ಎಲ್ಲ ಈ ಜಾತಿ. ಸೆಡಾನ್‌ಗೆ ಹಿಂದೆ ಪ್ರತ್ಯೇಕ ಡಿಕ್ಕಿ ಇರುತ್ತೆ, ಡಿಸೈರ್ ಥರ. ಪಂಚ್, ಎಕ್ಸ್‌ಟರ್‌ನಂಥವನ್ನು ಮೈಕ್ರೋ ಎಸ್‌ಯುವಿ ಅಂತಾರೆ. ನೆಕ್ಸಾನ್, ಬ್ರೆಜಾ ಕಾಂಪ್ಯಾಕ್ಟ್ ಎಸ್‌ಯುವಿ. ಕ್ರೆಟಾದಂಥ ಸುಮಾರು 4.3 ಮೀಟರ್ ಉದ್ದದವು ಮಿಡ್‌ಸೈಜ್. ಮೂರು ಸಾಲು ಸೀಟಿನ ಎರ್ಟಿಗಾ, ಟ್ರೈಬರ್ ಎಂಪಿವಿ.

ಇದರಲ್ಲಿ ಎಸ್‌ಯುವಿ ಅನ್ನೋ ಹೆಸರೇ ಜನರನ್ನು ಹೆಚ್ಚು ಸೆಳೆಯೋದು. ಆದರೆ ಜಿಎಸ್‌ಟಿ ಮೇಲೆ ಸೆಸ್ ಹಾಕುತ್ತಿದ್ದ ಕಾಲದಲ್ಲಿ ಸರ್ಕಾರದ ಲೆಕ್ಕಕ್ಕೆ ಎಸ್‌ಯುವಿ ಅಂದರೆ 4 ಮೀಟರ್‌ಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, 170 ಮಿ.ಮೀ. ಅಥವಾ ಹೆಚ್ಚು ಗ್ರೌಂಡ್ ಕ್ಲಿಯರೆನ್ಸ್, ಈ ಮೂರೂ ಇರಬೇಕಿತ್ತು. ಆ ಲೆಕ್ಕದಲ್ಲಿ ಪಂಚ್ ಎಸ್‌ಯುವಿ ಅಲ್ಲ, ನೆಕ್ಸಾನ್ ಕೂಡ ಅಲ್ಲ. ಕಾರು ಕೆಟ್ಟದ್ದು ಅಂತ ಅರ್ಥ ಅಲ್ಲ. ಹೆಸರು ನಂಬಿ ಸೈಜು ಊಹಿಸಬೇಡಿ ಅಷ್ಟೇ.

ಇನ್ನೊಂದು ತಮಾಷೆ ನೋಡಿ. ಡಿಸೈರ್, ನೆಕ್ಸಾನ್, ಬೊಲೆರೊ ಮೂರೂ 3995 ಮಿ.ಮೀ. ಬಲೆನೊ, ಟ್ರೈಬರ್ ಎರಡೂ ಸುಮಾರು 3990. ಒಂದು ಸೆಡಾನ್, ಒಂದು ಎಸ್‌ಯುವಿ, ಒಂದು ಜೀಪಿನ ಥರದ್ದು, ಒಂದು ಹ್ಯಾಚ್‌ಬ್ಯಾಕ್, ಒಂದು 7 ಸೀಟರ್. ಎಲ್ಲಕ್ಕೂ ಮನೆ ಮುಂದೆ ಬೇಕಾದ್ದು ಅದೇ 13 ಅಡಿ ಜಾಗ. ಹಾಗಾದರೆ ವ್ಯತ್ಯಾಸ ಇರೋದು ಎಲ್ಲಿ? ಎತ್ತರ, ಅಗಲ, ಡಿಕ್ಕಿ, ಸೀಟು, ನೆಲದಿಂದ ಎತ್ತರ, ಹೊರುವ ತೂಕ ಇವುಗಳಲ್ಲಿ.

ನೋಡಲೇಬೇಕಾದ ಐದು ಅಳತೆ

1. ಎತ್ತರ. ಮಂಡಿ ನೋವಿರುವ ಹಿರಿಯರಿದ್ದರೆ ಮೊದಲು ಇದನ್ನು ನೋಡಿ. ವ್ಯಾಗನ್ ಆರ್ ಉದ್ದದಲ್ಲಿ ಬಲೆನೊಗಿಂತ 33 ಸೆಂ.ಮೀ. ಕಡಿಮೆ. ಆದರೆ ಎತ್ತರದಲ್ಲಿ 17 ಸೆಂ.ಮೀ. ಹೆಚ್ಚು: 1675 ಮಿ.ಮೀ., ಬಲೆನೊ 1500. ತಗ್ಗಿನ ಕಾರಿಗೆ ಬಗ್ಗಿ ಇಳಿಯಬೇಕು, ಎದ್ದು ಹೊರಗೆ ಬರೋದು ಇನ್ನೂ ಕಷ್ಟ. ತೀರಾ ಎತ್ತರದ ಗಾಡಿಗೆ ಹತ್ತಲೇ ಬೇಕು. ಸೊಂಟದ ಮಟ್ಟಕ್ಕೆ ಸೀಟು ಇದ್ದರೆ ಹಿರಿಯರು ಸುಮ್ಮನೆ ಪಕ್ಕಕ್ಕೆ ಕೂತು ಕಾಲು ಒಳಗೆ ಎಳ್ಕೋಬಹುದು.

2. ಅಗಲ. ಹಿಂದಿನ ಸೀಟಿನಲ್ಲಿ ಮೂರು ಜನ ದೊಡ್ಡವರು ಕೂರಬೇಕಾದರೆ ಅಗಲ ಬೇಕು. ವ್ಯಾಗನ್ ಆರ್ 1620 ಮಿ.ಮೀ., ಸ್ವಿಫ್ಟ್ 1735, ನೆಕ್ಸಾನ್ 1804. ಆದರೆ ಅಗಲ ಹೆಚ್ಚಾದಷ್ಟೂ ಊರ ಓಣಿಯಲ್ಲಿ ಕಷ್ಟ. ಕಂಪನಿ ಹೇಳೋ ಅಗಲಕ್ಕೆ ಸಾಮಾನ್ಯವಾಗಿ ಕನ್ನಡಿ ಸೇರಿರಲ್ಲ. ಕನ್ನಡಿ ಸೇರಿದರೆ ನೆಕ್ಸಾನ್‌ನಂಥ ಕಾರು 2 ಮೀಟರ್ ಆಸುಪಾಸು. ನಿಮ್ಮ ಗೇಟು 7 ಅಡಿ ಇದ್ದರೆ ಎರಡೂ ಕಡೆ ನಾಲ್ಕು ಬೆರಳು ಮಾತ್ರ ಉಳಿಯುತ್ತೆ.

3. ಗ್ರೌಂಡ್ ಕ್ಲಿಯರೆನ್ಸ್. ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರದ ಹಳ್ಳ, ನಡುವೆ ದಿಬ್ಬ ಇದ್ದೇ ಇರುತ್ತೆ. ಸ್ವಿಫ್ಟ್, ಡಿಸೈರ್ 163 ಮಿ.ಮೀ., ಪಂಚ್ 187, ನೆಕ್ಸಾನ್ 208. ಹೆಚ್ಚಾಗಿ ಈ ಅಂಕಿ ಖಾಲಿ ಕಾರಿನದ್ದು. ಐದು ಜನ ಕೂತು ಡಿಕ್ಕಿ ತುಂಬಿದರೆ ಕಾರು ತಗ್ಗುತ್ತೆ. ನಿಮ್ಮ ದಾರಿಯ ನಡುವಿನ ದಿಬ್ಬ ಎಷ್ಟು ಎತ್ತರ ಅಂತ ಒಂದು ಕೋಲು ಅಡ್ಡ ಇಟ್ಟು ಅಳೆದು ನೋಡಿ. ದಿನಾ ಆ ದಾರಿಯಲ್ಲೇ ಹೋಗಬೇಕು ಅಂದರೆ 180ರ ಮೇಲಿನದ್ದು ಒಳ್ಳೆಯದು. ಡಾಂಬರು ರಸ್ತೆ ಮನೆವರೆಗೂ ಇದ್ದರೆ ಇದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

4. ಡಿಕ್ಕಿ. ಇದನ್ನು ಲೀಟರ್‌ನಲ್ಲಿ ಹೇಳ್ತಾರೆ. 50 ಕೆ.ಜಿ. ಅಕ್ಕಿ ಮೂಟೆ ಸುಮಾರು 60 ಲೀಟರ್ ಜಾಗ ಹಿಡಿಯುತ್ತೆ ಅಂತ ಲೆಕ್ಕ ಇಟ್ಕೊಳ್ಳಿ. ಆಲ್ಟೊ ಕೆ10 ಡಿಕ್ಕಿ 214 ಲೀಟರ್, ಸ್ವಿಫ್ಟ್ 265, ವ್ಯಾಗನ್ ಆರ್ 341, ಪಂಚ್ 366, ಡಿಸೈರ್ 382. ಡಿಸೈರ್ ಸ್ವಿಫ್ಟ್‌ಗಿಂತ 13 ಸೆಂ.ಮೀ. ಉದ್ದ, ಆದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ದೂರ ಎರಡಕ್ಕೂ ಒಂದೇ, 2450 ಮಿ.ಮೀ. ಅಂದರೆ ಹೆಚ್ಚಿದ ಉದ್ದ ಹೋಗಿರೋದು ಡಿಕ್ಕಿಗೆ. ಸಿಎನ್‌ಜಿ ಕಾರಾದರೆ ಡಿಕ್ಕಿ ತೆಗೆಸಿ ಕಣ್ಣಾರೆ ನೋಡಿ. ಒಂದೇ ದೊಡ್ಡ ಸಿಲಿಂಡರ್ ಇದ್ದರೆ ಬಹುಪಾಲು ಜಾಗ ಅದೇ ತಿನ್ನುತ್ತೆ. ಟಾಟಾ ಮತ್ತು ಹ್ಯುಂಡೈನ ಕೆಲವು ಮಾಡೆಲ್‌ಗಳಲ್ಲಿ ಎರಡು ಚಿಕ್ಕ ಸಿಲಿಂಡರ್ ಕೆಳಗೆ ಇಟ್ಟು ಮೇಲೆ ಜಾಗ ಉಳಿಸಿದ್ದಾರೆ.

5. ಹೊರುವ ತೂಕ. ಜಾಗ ಇದೆ ಅಂತ ತುಂಬೋ ಹಾಗಿಲ್ಲ. ಬ್ರೋಷರಿನಲ್ಲಿ ಗ್ರಾಸ್ ವೇಟ್ ಮತ್ತು ಕರ್ಬ್ ವೇಟ್ ಅಂತ ಎರಡು ಅಂಕಿ ಇರುತ್ತೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಕಾರು ಹೊರಬಹುದಾದ ತೂಕ, ಜನರನ್ನೂ ಸೇರಿಸಿ. ಚಿಕ್ಕ ಕಾರುಗಳಲ್ಲಿ ಇದು 400-500 ಕೆ.ಜಿ. ಆಸುಪಾಸು. 65 ಕೆ.ಜಿ.ಯ ಐದು ಜನ ಕೂತರೆ 325 ಕೆ.ಜಿ. ಆಯ್ತು. ಉಳಿದದ್ದರಲ್ಲಿ ಒಂದೆರಡು ಮೂಟೆ, ಹೆಚ್ಚೆಂದರೆ ಮೂರು. ಕೀಟನಾಶಕ, ಕಳೆನಾಶಕ ಮಾತ್ರ ಮನೆಯವರು ಕೂತ ಕಾರಿನೊಳಗೆ ತರಲೇಬೇಡಿ. ಹಾಗೇ ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆಗೆ ಸರಕು ಹಾಕಿದರೆ ಅಪಘಾತವಾದಾಗ ವಿಮೆಗೆ ತಕರಾರು ಬರುತ್ತೆ.

ಯಾವ ಮನೆಗೆ ಯಾವ ಸೈಜು?

ಗಂಡ, ಹೆಂಡತಿ, ಒಂದೆರಡು ಮಕ್ಕಳು, ಜೊತೆಗೆ ವಯಸ್ಸಾದ ಅವ್ವ ಅಥವಾ ಅಪ್ಪ, ರಸ್ತೆ ಪರವಾಗಿಲ್ಲ. ಇಂಥ ಮನೆಗೆ ಎತ್ತರದ ಹ್ಯಾಚ್‌ಬ್ಯಾಕ್ ಸಾಕು. ಓಣಿಯಲ್ಲಿ ತಿರುಗಿಸೋದೂ ಸುಲಭ.

ಅದೇ ಮನೆ, ಆದರೆ ಮುಖ್ಯರಸ್ತೆಯಿಂದ ಮನೆಗೆ ಒಂದೆರಡು ಕಿಲೋಮೀಟರ್ ಮಣ್ಣು ದಾರಿ, ಮಳೆಗಾಲದಲ್ಲಿ ಕೊರಕಲು. ಇವರಿಗೆ ಪಂಚ್, ಎಕ್ಸ್‌ಟರ್ ಸೈಜಿನದ್ದು, ಬಜೆಟ್ ಇದ್ದರೆ ನೆಕ್ಸಾನ್ ಸೈಜಿನದ್ದು ಹೊಂದುತ್ತೆ. ಒಂದು ನೆನಪಿರಲಿ, ಈ ಕಾರುಗಳು ಮುಂದಿನ ಚಕ್ರ ಮಾತ್ರ ಎಳೆಯುವಂಥವು. ಎಸ್‌ಯುವಿ ಅಂದ ಮಾತ್ರಕ್ಕೆ ಕೆಸರು ಗದ್ದೆಯಲ್ಲಿ ಹೋಗಲ್ಲ.

ಆರೇಳು ಜನ ಇರುವ ಕೂಡು ಕುಟುಂಬಕ್ಕೆ ಮೂರು ದಾರಿ ಇದೆ. ಟ್ರೈಬರ್ 4 ಮೀಟರಿನೊಳಗೇ 7 ಸೀಟು ಕೊಡುತ್ತೆ. ಏಳೂ ಜನ ಕೂತರೆ ಡಿಕ್ಕಿ ಬರೀ 84 ಲೀಟರ್. ಕೊನೆ ಸಾಲಿನ ಸೀಟು ಪೂರ್ತಿ ಕಳಚಿಟ್ಟರೆ 625 ಲೀಟರ್. ಎಂಜಿನ್ 999 ಸಿಸಿ, ತುಂಬಿದ ಗಾಡಿ ಘಾಟಿ ಹತ್ತುವಾಗ ಏದುಸಿರು ಬಿಡುತ್ತೆ. ಬೊಲೆರೊ 1493 ಸಿಸಿ ಡೀಸೆಲ್, ಹಿಂದಿನ ಚಕ್ರ ತಳ್ಳುವ ಗಟ್ಟಿ ಗಾಡಿ, ಕೆಟ್ಟ ರಸ್ತೆಗೆ ಒಗ್ಗಿದ್ದು. ಆದರೆ ಅದರ ಕೊನೆಯ ಎರಡು ಸೀಟು ಎದುರುಬದುರು ಅಡ್ಡ ಕೂರುವಂಥವು, ಮಕ್ಕಳನ್ನು ದೂರದ ಪ್ರಯಾಣಕ್ಕೆ ಅಲ್ಲಿ ಕೂರಿಸೋದು ಕ್ಷೇಮ ಅಲ್ಲ. ಎರ್ಟಿಗಾದಲ್ಲಿ ಮೂರನೇ ಸಾಲಿನಲ್ಲೂ ದೊಡ್ಡವರು ಕೂರಬಹುದು. ಉದ್ದ ಸುಮಾರು 4.4 ಮೀಟರ್, ತೆರಿಗೆ ಶೇ 40ರ ಸಾಲಿನದ್ದು.

ವರ್ಷಕ್ಕೆ ನಾಲ್ಕು ಸಲ ಮಾತ್ರ ಏಳು ಜನ ಒಟ್ಟಿಗೆ ಹೋಗೋದಾದರೆ? ಆ ನಾಲ್ಕು ದಿನಕ್ಕೆ ಬಾಡಿಗೆ ಗಾಡಿಯೇ ಅಗ್ಗ. ಉಳಿದ 361 ದಿನಕ್ಕೆ ತಕ್ಕ ಕಾರು ತಗೊಳ್ಳಿ.

ಸೈಜು ಏರಿದರೆ ಕಂತು ಎಷ್ಟು ಏರುತ್ತೆ?

ಶೇ 9ರ ಬಡ್ಡಿ, 5 ವರ್ಷದ ಸಾಲ ಅಂದರೆ ಪ್ರತಿ ಒಂದು ಲಕ್ಷಕ್ಕೆ ತಿಂಗಳಿಗೆ ಸುಮಾರು 2,076 ರೂಪಾಯಿ ಕಂತು. ಒಂದು ಸೈಜು ಮೇಲಕ್ಕೆ ಹೋಗಿ 3 ಲಕ್ಷ ಹೆಚ್ಚು ಸಾಲ ಮಾಡಿದರೆ ತಿಂಗಳಿಗೆ 6,200ಕ್ಕೂ ಹೆಚ್ಚು, ಐದು ವರ್ಷಕ್ಕೆ ಸುಮಾರು 3.74 ಲಕ್ಷ. ಬೆಳೆ ದುಡ್ಡು ಬರೋದು ವರ್ಷಕ್ಕೆ ಒಂದೆರಡು ಸಲ, ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತೆ. ರೈತರಿಗೆ ಆರು ತಿಂಗಳಿಗೊಮ್ಮೆ ಕಟ್ಟುವ ಅವಕಾಶ ಇದೆಯಾ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿ.

ಕರ್ನಾಟಕದ ರಸ್ತೆ ತೆರಿಗೆಯೂ ಕಾರಿನ ಬೆಲೆ ಏರಿದಂತೆ ಏರುತ್ತೆ. 5ರಿಂದ 10 ಲಕ್ಷದವರೆಗೆ ಶೇ 14, 10 ಲಕ್ಷ ದಾಟಿದರೆ ಶೇ 17, ಅದರ ಮೇಲೆ ಸೆಸ್ ಬೇರೆ. ಹಾಗಾಗಿ 9.90 ಲಕ್ಷದ ಕಾರಿಗೂ 10.10 ಲಕ್ಷದ ಕಾರಿಗೂ ಇರುವ ವ್ಯತ್ಯಾಸ ಬರೀ 20 ಸಾವಿರ ಅಲ್ಲ. ಶೋರೂಮಿನಲ್ಲಿ ಯಾವಾಗಲೂ ಆನ್-ರೋಡ್ ಬೆಲೆ ಬರೆಸಿಕೊಂಡೇ ಮಾತಾಡಿ.

ಶೋರೂಮಿಗೆ ಹೋಗುವ ಮುಂಚೆ

ಮನೆಯಲ್ಲೇ ಗೇಟಿನ ಅಗಲ, ನಿಲ್ಲಿಸುವ ಜಾಗದ ಉದ್ದ, ದಾರಿಯ ದಿಬ್ಬ ಅಳೆದು ಮೊಬೈಲ್‌ನಲ್ಲಿ ಬರೆದಿಟ್ಕೊಳ್ಳಿ. ಹೋಗುವಾಗ ಅಜ್ಜಿಯನ್ನೂ ಮಕ್ಕಳನ್ನೂ ಕರ್ಕೊಂಡು ಹೋಗಿ. ಅಜ್ಜಿ ಯಾರ ಕೈ ಹಿಡಿಯದೆ ಹತ್ತಿ ಇಳಿಯಬೇಕು, ಅದೇ ದೊಡ್ಡ ಪರೀಕ್ಷೆ. ಮುಂದಿನ ಸೀಟನ್ನು ನಿಮ್ಮ ಅಳತೆಗೆ ಸರಿಮಾಡಿ, ಅದರ ಹಿಂದೆ ನೀವೇ ಕೂತು ಮಂಡಿ ತಾಗುತ್ತಾ ನೋಡಿ. ಟೆಸ್ಟ್ ಡ್ರೈವ್‌ಗೆ ಮನೆಯವರೆಲ್ಲ ಕೂತೇ ಹೋಗಿ, ಆದರೆ ಮನೆ ದಾರಿಗೇ ತಗೊಂಡು ಹೋಗೋಣ ಅಂತ ಕೇಳಿ.

ಇನ್ನು ಸುರಕ್ಷತೆ. ದೊಡ್ಡ ಕಾರು ಅಂದರೆ ಗಟ್ಟಿ ಕಾರು ಅಂತೇನಿಲ್ಲ. 2023ರ ಅಕ್ಟೋಬರ್‌ನಿಂದ ನಮ್ಮ ದೇಶದ್ದೇ ಭಾರತ್ ಎನ್‌ಕ್ಯಾಪ್ ಅನ್ನೋ ಡಿಕ್ಕಿ ಪರೀಕ್ಷೆ ಶುರುವಾಗಿದೆ. ದೊಡ್ಡವರ ರಕ್ಷಣೆಗೆ ಎಷ್ಟು ಸ್ಟಾರ್, ಮಕ್ಕಳ ರಕ್ಷಣೆಗೆ ಎಷ್ಟು ಸ್ಟಾರ್ ಅಂತ ಬೇರೆ ಬೇರೆ ಕೊಡ್ತಾರೆ. ನೀವು ನೋಡ್ತಿರೋ ಮಾಡೆಲ್‌ನ ಎರಡೂ ಸ್ಟಾರ್ ಮೊಬೈಲ್‌ನಲ್ಲೇ ನೋಡಿ. 4 ಮೀಟರಿನೊಳಗಿನ ಕಾರುಗಳಲ್ಲೂ 5 ಸ್ಟಾರ್ ಪಡೆದವು ಇವೆ.

ಎಲ್ಲ ಆದ ಮೇಲೂ ಎರಡು ಸೈಜಿನ ನಡುವೆ ಮನಸ್ಸು ಓಲಾಡಿದರೆ ಚಿಕ್ಕದರ ಕಡೆಗೇ ವಾಲಿ. ಉಳಿದ ದುಡ್ಡಿಗೆ ಹನಿ ನೀರಾವರಿಯೋ, ಬೋರ್‌ವೆಲ್ ಮೋಟರ್ ರಿಪೇರಿಯೋ, ಮುಂದಿನ ಬೆಳೆಯ ಬೀಜ ಗೊಬ್ಬರವೋ ಆಗುತ್ತೆ. ಅದು ದುಡಿದು ಕೊಡುತ್ತೆ.