ಹಳೆಯ ಲಾರಿಯ ಎದೆಬಡಿತ

ಗ್ರಾಂಟ್ ರೋಡಿನಲ್ಲಿ ಓಡಾಡುವ ನಮಗೆ ಸದ್ದುಗದ್ದಲ ಹೊಸತಲ್ಲ. ಒಂದೆಡೆ ಲೋಕಲ್ ಗಾಡಿಗಳ ಗಡಗಡ, ಇನ್ನೊಂದೆಡೆ ಕೈಗಾಡಿಯವರ ಕೂಗು, ಇವುಗಳ ನಡುವೆ ಸರಕು ಇಳಿಸಲು ನಿಂತ ಲಾರಿಗಳ ಗುಡುಗು. ಇವೆಲ್ಲವನ್ನೂ ಕೇಳಿಯೂ ಕೇಳದಂತೆ ನಾವು ಶಾಲೆಯ ಹಾದಿ ಹಿಡಿಯುತ್ತೇವೆ. ಆದರೆ ಆ ಲಾರಿಯಿಂದಲೇ ಸಂಸಾರ ಸಾಗಿಸುವ ಚಾಲಕನು ಹಾಗೆ ಮಾಡಲಾರನು. ನಿನ್ನೆ ಇಲ್ಲದ ಒಂದು ‘ಟಿಕ್ ಟಿಕ್’ ಇಂದು ಕೇಳಿಸಿತೆಂದರೆ ಅವನ ಕಿವಿ ನಿಮಿರುತ್ತದೆ. ಅದು ಅರ್ಧ ಗಂಟೆಯಲ್ಲಿ ಸರಿಪಡಿಸಬಹುದಾದ ಸಡಿಲಿಕೆಯಾಗಿರಬಹುದು; ಎಂಜಿನ್ನನ್ನೇ ಒಡೆದುಹಾಕುವ ಕೇಡಿನ ಮುನ್ಸೂಚನೆಯೂ ಆಗಿರಬಹುದು. ಇವೆರಡನ್ನು ಬೇರ್ಪಡಿಸಿ ತಿಳಿಯುವ ಬಗೆ ಹೇಗೆ?

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಅರಿಯುವುದಕ್ಕೆ ‘ನಿದಾನ’ವೆಂದು ಹೆಸರು. ಚಿಕಿತ್ಸೆಗೆ ಮೊದಲು ನಿದಾನ. ನಿದಾನಕ್ಕೆ ಬೇಕಾದುದು ನಿಧಾನ. ಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಆತುರಗಾರನು ಸದ್ದು ಕೇಳಿದೊಡನೆ ಒಂದು ಭಾಗವನ್ನು ಕಳಚಿ, ಚೋರ್ ಬಜಾರಿಗೆ ಓಡಿ, ಅದಕ್ಕೆ ಬದಲಿ ಕೊಂಡು ತರುತ್ತಾನೆ. ಹಣ ಹೋಗುತ್ತದೆ, ಸದ್ದು ಉಳಿಯುತ್ತದೆ.

ಮೊದಲಾಗಿ ಡೀಸೆಲ್ ಎಂಜಿನ್ನಿನ ಸಹಜವಾದ ಸದ್ದು ಯಾವುದೆಂದು ತಿಳಿಯಬೇಕು. ಟೆಲ್ಕೋ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಕಾರದಿಂದ ಜಮ್ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದ ಮೇಲೆ ಈ ಸದ್ದು ನಮ್ಮ ದೇಶದ ಹೆದ್ದಾರಿಗಳಿಗೆಲ್ಲ ಪರಿಚಿತವಾಯಿತು. ಪೆಟ್ರೋಲ್ ಎಂಜಿನ್ನಿನಂತೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಬಲವಾಗಿ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿ ಕಾಯುತ್ತದೆ. ಅದರೊಳಗೆ ಎಣ್ಣೆಯನ್ನು ಚಿಮ್ಮಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಚಿಮ್ಮಿದ ಕ್ಷಣಕ್ಕೂ ಹೊತ್ತುವ ಕ್ಷಣಕ್ಕೂ ತುಸು ಅಂತರವುಂಟು. ಅಷ್ಟರಲ್ಲಿ ಕೂಡಿದ ಎಣ್ಣೆಯೆಲ್ಲ ಒಮ್ಮೆಗೇ ಉರಿದು ‘ಟಕ್’ ಎನ್ನುತ್ತದೆ. ತಣ್ಣಗಿರುವ ಎಂಜಿನ್ನಿನಲ್ಲಿ ಈ ಅಂತರ ಹೆಚ್ಚು. ಆದುದರಿಂದಲೇ ಮುಂಜಾನೆ ಲಾರಿಯ ಸದ್ದು ಒರಟು. ಇದು ರೋಗವಲ್ಲ, ಜಾತಿಧರ್ಮ.

ಇದನ್ನು ಮೀರಿದ ಹೊಸ ಸದ್ದು ಕೇಳಿದಾಗ ಅನುಭವಿಯಾದ ಮಿಸ್ತ್ರಿಯು ಮೊಟ್ಟಮೊದಲು ಎಂಜಿನ್ನನ್ನು ನಿಲ್ಲಿಸಿ, ಎಣ್ಣೆಯ ಅಳತೆಯ ಕಡ್ಡಿಯನ್ನು ಹೊರಗೆಳೆದು ನೋಡುತ್ತಾನೆ. ಲೋಹಕ್ಕೂ ಲೋಹಕ್ಕೂ ನಡುವೆ ತೆಳುವಾದ ಎಣ್ಣೆಯ ಪದರ ಇರುವವರೆಗೆ ಮಾತ್ರ ಎಂಜಿನ್ನಿಗೆ ಆಯುಸ್ಸು. ಎಣ್ಣೆ ಸಾಕಷ್ಟಿದೆ, ಅದರ ಒತ್ತಡವೂ ಸರಿಯಿದೆ ಎಂದು ಖಚಿತವಾದ ಮೇಲೆ ಅವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ: ಸದ್ದಿನ ವೇಗವೆಷ್ಟು? ಯಾವಾಗ ಬರುತ್ತದೆ? ಎಲ್ಲಿಂದ ಬರುತ್ತದೆ?

ವೇಗದ ಪ್ರಶ್ನೆಯಲ್ಲಿ ನಮ್ಮ ಗಣಿತ ನೆರವಾಗುತ್ತದೆ. ಲಾರಿಯ ಎಂಜಿನ್ನಿನಲ್ಲಿ ಕ್ರ್ಯಾಂಕಿನ ದಂಡ ಎರಡು ಸುತ್ತು ತಿರುಗುವಾಗ ಕವಾಟಗಳನ್ನು ತೆರೆಯುವ ದಂಡ ಒಂದೇ ಸುತ್ತು ತಿರುಗುತ್ತದೆ. ನಿಂತ ಲಾರಿಯಲ್ಲಿ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆಯೆನ್ನೋಣ. ಆಗ ಒಂದೊಂದು ಕವಾಟವೂ 300 ಬಾರಿ ತೆರೆಯುತ್ತದೆ. ಎಂಜಿನ್ನಿನ ಅರ್ಧ ವೇಗದಲ್ಲಿ, ಗಡಿಯಾರದಂತೆ ಹಗುರವಾಗಿ ಟಿಕ್ ಎನ್ನುವ ಸದ್ದು ಮೇಲ್ಭಾಗದಿಂದ ಬಂದರೆ ಸಂಶಯ ಟ್ಯಾಪೆಟ್ಟಿನ ಮೇಲೆ. ಕ್ರ್ಯಾಂಕಿನ ಸುತ್ತು ಸುತ್ತಿಗೂ ಕೆಳಗಿನಿಂದ ಬರುವ ಭಾರವಾದ ಬಡಿತವಾದರೆ ಸಂಶಯ ಬೇರಿಂಗುಗಳ ಮೇಲೆ. ಆದರೆ ಪ್ರತಿ ಸಿಲಿಂಡರಿನಲ್ಲಿ ಎಣ್ಣೆ ಉರಿಯುವುದೂ ಎರಡು ಸುತ್ತಿಗೊಮ್ಮೆಯೇ. ಆದುದರಿಂದ ಲೆಕ್ಕವೊಂದನ್ನೇ ನೆಚ್ಚಿ ತೀರ್ಪು ಕೊಡಲಾಗದು.

ಆಗ ಎರಡನೆಯ ಪ್ರಶ್ನೆ. ತಣ್ಣಗಿರುವಾಗ ಬಡಿದು, ಕಾದ ಮೇಲೆ ಅಡಗಿದರೆ ಸವೆದ ಪಿಸ್ಟನ್ ಸಿಲಿಂಡರಿನ ಗೋಡೆಗೆ ತಟ್ಟುತ್ತಿರಬಹುದು. ಶಾಖದಿಂದ ಪಿಸ್ಟನ್ ಹಿಗ್ಗಿದಾಗ ಸಂದು ಕಿರಿದಾಗುತ್ತದೆ. ಹೊಗೆ ಹೊರಹೋಗುವ ಕೊಳವೆಯ ಜೋಡಣೆ ಸೀಳಿದ್ದರೂ ಟ್ಯಾಪೆಟ್ಟಿನಂತಹುದೇ ಸದ್ದು ಬರುತ್ತದೆ. ಆದರೆ ಆ ಸಂದಿನ ಸುತ್ತ ಹತ್ತಿದ ಕಪ್ಪು ಮಸಿ ಗುಟ್ಟನ್ನು ಬಯಲು ಮಾಡುತ್ತದೆ. ಎಂಜಿನ್ ಕಾದಷ್ಟೂ, ಭಾರ ಎಳೆದಷ್ಟೂ ಬಡಿತ ಹೆಚ್ಚಿ, ಜೊತೆಗೆ ಎಣ್ಣೆಯ ಒತ್ತಡವೂ ಇಳಿದರೆ ಬೇರಿಂಗ್ ಸವೆದಿರುವ ಲಕ್ಷಣವದು.

ಮೂರನೆಯದು ಸ್ಥಳ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗೆ ಇಟ್ಟು ಆಲಿಸಿದುದರಿಂದ ಸ್ಟೆತೊಸ್ಕೋಪ್ ಹುಟ್ಟಿತು. ನಮ್ಮ ಮಿಸ್ತ್ರಿಯು ಅದೇ ಉಪಾಯವನ್ನು ಉದ್ದನೆಯ ಸ್ಕ್ರೂಡ್ರೈವರಿನಿಂದ ಸಾಧಿಸುತ್ತಾನೆ. ತುದಿಯನ್ನು ಎಂಜಿನ್ನಿನ ಮೇಲಿರಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಮೇಲಿನಿಂದ ಕೆಳಗೆ ಒಂದೊಂದೇ ಸಿಲಿಂಡರನ್ನು ಆಲಿಸುತ್ತಾನೆ. ಗಾಳಿಗಿಂತ ಘನವಸ್ತುವಿನಲ್ಲಿ ಸದ್ದು ಚೆನ್ನಾಗಿ ಹರಿಯುವುದೆಂದು ನಾವು ಭೌತಶಾಸ್ತ್ರದಲ್ಲಿ ಓದಿರುವುದು ಇಲ್ಲಿ ಪ್ರತ್ಯಕ್ಷ. ಬಳಿಕ ಅವನು ಒಂದೊಂದೇ ಸಿಲಿಂಡರಿಗೆ ಎಣ್ಣೆ ಒಯ್ಯುವ ಕೊಳವೆಯ ನಟ್ಟನ್ನು ಸಡಿಲಿಸಿ ನೋಡುತ್ತಾನೆ. ಯಾವ ಸಿಲಿಂಡರಿನ ಉರಿ ನಿಂತಾಗ ಬಡಿತ ತಗ್ಗುವುದೋ ದೋಷ ಅಲ್ಲಿದೆ. ಆದರೆ ಎಣ್ಣೆಯನ್ನು ಬಹಳ ಹೆಚ್ಚಿನ ಒತ್ತಡದಲ್ಲಿ ಕೂಡಿಟ್ಟು ಚಿಮ್ಮಿಸುವ ಇಂದಿನ ಹೊಸ ಎಂಜಿನ್ನುಗಳಲ್ಲಿ ಹೀಗೆ ಮಾಡಲೇಬಾರದು. ಆ ಧಾರೆ ಚರ್ಮವನ್ನೇ ಭೇದಿಸಿ ಒಳಹೊಕ್ಕೀತು. ಹಳೆಯದರಲ್ಲಿಯೂ ಇದು ಬಲ್ಲವರ ಕೆಲಸ. ತಿರುಗುವ ಪಂಖದ ಬಳಿ ವಿದ್ಯಾರ್ಥಿಗಳು ಸುಳಿಯಬಾರದು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. ಸದ್ದೇ ಇಲ್ಲದ ಟ್ಯಾಪೆಟ್ ಯಾವಾಗಲೂ ಒಳ್ಳೆಯದಲ್ಲ. ಕಾದ ಕವಾಟ ಉದ್ದವಾಗುವುದರಿಂದ ಅದಕ್ಕಾಗಿ ಒಂದು ಮಿಲಿಮೀಟರಿನ ಕೆಲವೇ ದಶಾಂಶದಷ್ಟು ಸಂದು ಬಿಟ್ಟಿರುತ್ತಾರೆ; ಅದನ್ನು ಫೀಲರ್ ಗೇಜ್ ಎಂಬ ತೆಳು ತಗಡುಗಳಿಂದ ಅಳೆಯುತ್ತಾರೆ. ಸದ್ದು ಅಡಗಲೆಂದು ಸಂದನ್ನು ಪೂರ್ತಿ ಮುಚ್ಚಿದರೆ ಕವಾಟ ಸರಿಯಾಗಿ ಕೂರದೆ, ಬಿಸಿ ಅನಿಲ ನುಗ್ಗಿ, ಅದರ ಅಂಚು ಸುಟ್ಟುಹೋಗುತ್ತದೆ. ಹಳೆಯ ಎಂಜಿನ್ನಿನಲ್ಲಿ ಹಿತಮಿತವಾದ ಟಿಕ್ ಟಿಕ್ ಆರೋಗ್ಯದ ಕುರುಹು.

ಹೀಗೆ ನಿದಾನವಾದ ಮೇಲೆ ತೀರ್ಮಾನ. ಟ್ಯಾಪೆಟ್ಟಿನ ಹಗುರ ಸದ್ದಾದರೆ ಲಾರಿ ಊರು ಸೇರಬಹುದು; ಮರುದಿನ ಸಂದನ್ನು ಸರಿಪಡಿಸಿದರಾಯಿತು. ಕೆಳಗಿನ ಭಾರವಾದ ಬಡಿತವಾದರೆ ಇನ್ನೊಂದು ಮೈಲಿಯೂ ಸಲ್ಲದು. ಸಡಿಲವಾದ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಗೋಡೆಯನ್ನೇ ತೂತುಮಾಡಿಕೊಂಡು ಹೊರಬರಬಲ್ಲದು. ಇಂದು ನಿಲ್ಲಿಸಿದರೆ ಬೇರಿಂಗಿನ ಖರ್ಚು. ನಿಲ್ಲಿಸದಿದ್ದರೆ ಎಂಜಿನ್ನಿನ ಖರ್ಚು, ತಿಂಗಳುಗಟ್ಟಲೆ ನಿಂತ ದುಡಿಮೆ.

ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದ ಕನ್ನಡಿಗರು ಈ ನಗರದಲ್ಲಿ ಹಲವರು. ಪುಸ್ತಕದ ವಿದ್ಯೆಯೂ ಕೈಯ ವಿದ್ಯೆಯೂ ಒಂದಕ್ಕೊಂದು ದೂರವಲ್ಲವೆಂದು ಅವರ ಬಾಳು ನಮಗೆ ತೋರಿಸಿದೆ. ಕಿವಿಗೊಟ್ಟು ಕೇಳುವುದು, ಸಂಶಯವನ್ನು ಒಂದೊಂದಾಗಿ ಪರೀಕ್ಷಿಸುವುದು, ರುಜುವಾತಾಗುವವರೆಗೆ ಏನನ್ನೂ ಕಳಚದಿರುವುದು: ಪ್ರಯೋಗಶಾಲೆಯಲ್ಲಿ ನಮ್ಮ ಗುರುಗಳು ಕಲಿಸುವುದೂ ಇದನ್ನೇ, ಗ್ಯಾರೇಜಿನಲ್ಲಿ ಮಸಿ ಹತ್ತಿದ ಕೈಗಳು ದಿನವೂ ಮಾಡುವುದೂ ಇದನ್ನೇ.