ಹೊಟ್ಟೆಗೆ ಗ್ಯಾಸ್ ತುಂಬಿದರೆ ಬಿಪಿ ಏರುವುದಿಲ್ಲವೇ?

ಪ್ರಶ್ನೆ: ಅಮ್ಮನಿಗೆ ಬಿಪಿ ಇದೆ. ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಆಪರೇಷನ್ ಆಗಬೇಕು. ಹೊಟ್ಟೆಗೆ ಗ್ಯಾಸ್ ತುಂಬುತ್ತಾರಂತೆ. ಆಗ ಬಿಪಿ ಏರುವುದಿಲ್ಲವೇ?
– ಓದುಗರೊಬ್ಬರು, ಹೊಸನಗರ

ಉತ್ತರ: ಏರಬಹುದು, ಆದರೆ ವೈದ್ಯರು ಅದಕ್ಕೆ ಸಿದ್ಧರಾಗಿಯೇ ಇರುತ್ತಾರೆ. ಕ್ಯಾಮೆರಾ, ಉಪಕರಣಗಳು ಆಡಲು ಹೊಟ್ಟೆಯೊಳಗೆ ಜಾಗ ಬೇಕು. ಅದಕ್ಕೆ ಕಾರ್ಬನ್ ಡೈಆಕ್ಸೈಡನ್ನು ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸದಷ್ಟು ಒತ್ತಡದಲ್ಲಿ ತುಂಬುತ್ತಾರೆ.

ಸಾಗರ, ತೀರ್ಥಹಳ್ಳಿ ಕಡೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವಾಗ ಯಾರಾದರೂ ಪೈಪು ತುಳಿದರೆ ಪಂಪಿನ ಮೇಲೆ ಒತ್ತಡ ಬೀಳುತ್ತದಲ್ಲ, ಇಲ್ಲಿಯೂ ಹಾಗೆಯೇ. ಗ್ಯಾಸ್ ಹೊಟ್ಟೆಯ ರಕ್ತನಾಳಗಳನ್ನು ಒತ್ತುತ್ತದೆ. ಅಡ್ರಿನಲಿನ್, ವ್ಯಾಸೋಪ್ರೆಸಿನ್ ಹಾರ್ಮೋನುಗಳು ಅವನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ರಕ್ತಕ್ಕೆ ಸೇರಿದ ಕಾರ್ಬನ್ ಡೈಆಕ್ಸೈಡ್ ಎದೆಬಡಿತವನ್ನು ಚುರುಕುಗೊಳಿಸುತ್ತದೆ.

ಅರಿವಳಿಕೆ ತಜ್ಞರು ಮಾನಿಟರಿನಿಂದ ಕಣ್ಣು ಕೀಳುವುದಿಲ್ಲ. ಬಿಪಿ ಏರಿದರೆ ಅರಿವಳಿಕೆಯನ್ನು ಗಾಢಗೊಳಿಸುತ್ತಾರೆ, ನೋವುನಿವಾರಕ ಕೊಡುತ್ತಾರೆ. ಬೇಕಾದರೆ ಡೆಕ್ಸ್‌ಮೆಡಿಟೋಮಿಡಿನ್, ಎಸ್ಮೋಲಾಲ್‌ನಂಥ ಔಷಧ ಬಳಸುತ್ತಾರೆ. ವೆಂಟಿಲೇಟರ್ ವೇಗ ಹೆಚ್ಚಿಸಿ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುತ್ತಾರೆ.

ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ. ಹೊಟ್ಟೆಯ ಒಳಪೊರೆ ಹಠಾತ್ತನೆ ಹಿಗ್ಗಿದಾಗ ವೇಗಸ್ ನರ ಕೆರಳಿ ಎದೆಬಡಿತ ತೀರಾ ನಿಧಾನವಾಗುತ್ತದೆ. ಆಗ ಗ್ಯಾಸ್ ನಿಲ್ಲಿಸಿ ಹೊರಬಿಡುತ್ತಾರೆ, ಅಗತ್ಯವಿದ್ದರೆ ಅಟ್ರೋಪಿನ್ ಕೊಡುತ್ತಾರೆ. ಇದೇ ಕಾರಣಕ್ಕೆ ಗ್ಯಾಸನ್ನು ನಿಧಾನವಾಗಿ ತುಂಬುವುದು ವಾಡಿಕೆ.

ನೀವು ಮಾಡಬೇಕಾದದ್ದು ಇಷ್ಟೆ: ಅಮ್ಮ ನುಂಗುವ ಎಲ್ಲ ಮಾತ್ರೆಗಳನ್ನೂ ಅರಿವಳಿಕೆ ವೈದ್ಯರಿಗೆ ಮೊದಲೇ ತೋರಿಸಿ. ಕೆಲವನ್ನು ಆಪರೇಷನ್ ದಿನ ಬೆಳಿಗ್ಗೆಯೂ ನುಂಗಬೇಕು, ಕೆಲವನ್ನು ಬಿಡಬೇಕಾಗುತ್ತದೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.