ಹಳೇ ಆರ್‌ಎಕ್ಸ್: ಸದ್ದಿಗೆ ಮರುಳಾಗುವ ಮುನ್ನ

ಬೆಳಗಿನ ಬಸ್ಸಿಗೆ ಕಾದು ಸಾಕಾದ ಅಂಗಡಿಯವನ ಕಣ್ಣಿಗೆ ಹಳೇ ಯಮಹಾ ಆರ್‌ಎಕ್ಸ್ 100 ಬಿತ್ತೆಂದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ತಪ್ಪೇನಿಲ್ಲ ಬಿಡಿ. 98 ಸಿಸಿಯ ಈ ಟೂ-ಸ್ಟ್ರೋಕ್ ಗಾಡಿ 1985ರಲ್ಲಿ ಬಂತು, 1996ರಲ್ಲಿ ತಯಾರಿಕೆ ನಿಂತಿತು. ಅಂದರೆ ತೀರಾ ಕಡೆಯದಕ್ಕೂ ಈಗ ಮೂವತ್ತರ ಆಸುಪಾಸು. ವಯಸ್ಸಾದಂತೆ ಬೆಲೆ ಮಾತ್ರ ಏರಿದೆ!

ಹೊಗೆ ಬರುತ್ತೆ ಅಂತ ಹೆದರಬೇಕಿಲ್ಲ. ಪೆಟ್ರೋಲಿನ ಜತೆ ಆಯಿಲೂ ಉರಿಯುವ ಇಂಜಿನ್ನು. ಕೊಂಚ ಹೊಗೆ ಅದರ ಹುಟ್ಟುಗುಣ. ಪಿಸ್ಟನ್ನು, ರಿಂಗು ಸವೆದಿದ್ದರೆ ಮೆಕ್ಯಾನಿಕ್ ಸರಿಮಾಡಿಯಾನು. ಕಾಗದಪತ್ರ ಸರಿಮಾಡುವುದು ಅವನಿಂದಾಗದು.

ಖಾಸಗಿ ಬೈಕಿನ ಆರ್.ಸಿ.ಗೆ 15 ವರ್ಷ ಆಯಸ್ಸು. ಆಮೇಲೆ 5 ವರ್ಷಕ್ಕೊಮ್ಮೆ ಆರ್.ಟಿ.ಓ. ತಪಾಸಣೆಗೆ ಒಯ್ದು ನವೀಕರಿಸಬೇಕು. ಕೊನೇ ಸಲ ಯಾವಾಗ ಮಾಡಿಸಿದ್ದು ಅಂತ ಕೇಳಿದರೆ ಕೆಲವು ಮಾರಾಟಗಾರರು ಟ್ಯಾಂಕು ಒರೆಸಲು ಶುರುಮಾಡುತ್ತಾರೆ. ಚಾಸಿ, ಇಂಜಿನ್ ನಂಬರುಗಳನ್ನು ಆರ್.ಸಿ. ಜತೆ ಅಂಕಿ ಅಂಕಿಯಾಗಿ ತಾಳೆ ನೋಡಿ. ಉಜ್ಜಿದ ಗುರುತಿದ್ದರೆ ಚಹಾ ಕುಡಿದು ಎದ್ದುಬನ್ನಿ.

'ಹೆಸರು ಆಮೇಲೆ ಬದಲಿಸಿಕೊಳ್ಳಿ' ಅಂದರೆ ಪೂರ್ತಿ ದುಡ್ಡು ಎಣಿಸಬೇಡಿ. 29, 30ನೇ ನಮೂನೆಗಳಿಗೆ ಸಹಿ ಹಾಕಬೇಕಾದವನು ದಾಖಲೆಯಲ್ಲಿರುವ ಒಡೆಯ. ಅವನು ಊರು ಬಿಟ್ಟು ಎಷ್ಟು ವರ್ಷವಾಯಿತೋ!